ಟಿನ್ ಫ್ಯಾಕ್ಟರಿಯ ಪರಂಗಿ, ಪೋರ್ಟೊ ರಿಕೊದ ಕಣಜ

ಸಂಜೆ ಆರೂವರೆಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾದವರಿಗೆ ಆ ಜಾಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ಕಡೆ ಕೆ.ಆರ್. ಪುರದ ತೂಗುಸೇತುವೆ, ಈ ಕಡೆ ಮೆಟ್ರೊ ಕಂಬಗಳು, ನಡುವೆ ‘ಕೋಲಾರ, ಮುಳಬಾಗಿಲು, ಚಿಂತಾಮಣಿ’ ಎಂದು ಗಂಟಲು ಹರಿದುಕೊಳ್ಳುವ ಕಂಡಕ್ಟರುಗಳು, 500ಡಿ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಲ್ಯಾಪ್‌ಟಾಪ್ ಬ್ಯಾಗುಗಳು. ಇಷ್ಟೆಲ್ಲದರ ಮಧ್ಯೆ ತಳ್ಳುಗಾಡಿಯವರು ಪರಂಗಿ ಹಣ್ಣನ್ನು ಹೋಳು ಮಾಡಿ, ಮೇಲಿಷ್ಟು ಉಪ್ಪು ಖಾರ ಉದುರಿಸಿ ಕೈಗಿಡುತ್ತಾರೆ. ಆ ಹೋಳು ಇವತ್ತು ನಿಮ್ಮ ಕೈಗೆ ಬಂದದ್ದರ ಹಿಂದೆ ಪೋರ್ಟೊ ರಿಕೊದಿಂದ ವಿಮಾನ ಹತ್ತಿ ಬಂದ, ಒಂದು ಮಿಲಿಮೀಟರ್ ಕೂಡ ಉದ್ದವಿಲ್ಲದ ಕಣಜವೊಂದಿದೆ ಎಂದರೆ ನಂಬುತ್ತೀರಾ? ನಂಬಿ. ಅದು ಇಳಿದದ್ದೂ ಇದೇ ಬೆಂಗಳೂರಿನಲ್ಲಿ. ಇಳಿದ ಜಾಗಕ್ಕೆ ಹೋಗಬೇಕೆಂದರೆ ಅದೇ 500ಡಿ ಹತ್ತಿ ಹೆಬ್ಬಾಳದಲ್ಲಿ ಇಳಿದರಾಯಿತು!

ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ಓಡುವ ಸಾವಿರಾರು ಕಾರುಗಳಲ್ಲಿ ಎಷ್ಟು ಜನ ಆ ಬೋರ್ಡಿನ ಕಡೆ ಕಣ್ಣು ಹಾಯಿಸಿದ್ದಾರೋ ಕಾಣೆ. ಐಸಿಎಆರ್‌ನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅಲ್ಲಿದೆ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆ ತನ್ನ ಭಾರತೀಯ ಕೇಂದ್ರವನ್ನು ತೆರೆಯಲು ಆರಿಸಿಕೊಂಡದ್ದು ಬೆಂಗಳೂರನ್ನು. 1977ರಲ್ಲಿ ಅಖಿಲ ಭಾರತ ಜೈವಿಕ ನಿಯಂತ್ರಣ ಯೋಜನೆ ಶುರುವಾಯಿತು, 1993ರಲ್ಲಿ ಅದು ನಿರ್ದೇಶನಾಲಯವಾಯಿತು, 2014ರಲ್ಲಿ ಈಗಿನ ಹೆಸರು ಬಂತು. ಬೋರ್ಡು ಬದಲಾಗುತ್ತಲೇ ಹೋಯಿತು, ಒಳಗಿನ ಕೆಲಸ ಮಾತ್ರ ಬದಲಾಗಲಿಲ್ಲ: ಹುಳುವನ್ನು ಹುಳುವಿನಿಂದಲೇ ಹಿಡಿಸುವುದು! ಅಲ್ಲಿ ಜೀವಂತ ಕೀಟಗಳ ನೂರಕ್ಕೂ ಹೆಚ್ಚು ಸಂತತಿಗಳನ್ನು ವರ್ಷವಿಡೀ ಸಾಕುತ್ತಾರೆ. ನಾವು ಕಾಸು ಕೊಟ್ಟು ಕೊಲ್ಲಿಸುವ ಹುಳುಗಳಿಗೆ ಅಲ್ಲಿ ಹೊತ್ತು ಹೊತ್ತಿಗೆ ಊಟ, ಹದವಾದ ತಂಪು, ಲೆಕ್ಕ ಹಾಕಿದ ಬೆಳಕು. ಏಕೆಂದರೆ ಹಂತಕರನ್ನು ಸಾಕಬೇಕಾದರೆ ಮೊದಲು ಅವುಗಳ ಬೇಟೆಯನ್ನು ಸಾಕಬೇಕು. ಈ ತಜ್ಞರ ಅರ್ಧ ಆಯಸ್ಸು ತಮ್ಮ ಶತ್ರುಗಳಿಗೆ ಉಣಬಡಿಸುವುದರಲ್ಲೇ ಕಳೆಯುತ್ತದೆ.

ಪರಂಗಿಯ ಕಥೆಗೆ ಬರೋಣ. 2008ರಲ್ಲಿ ಕೊಯಮತ್ತೂರಿನ ಸುತ್ತ ಪರಂಗಿ ಗಿಡಗಳ ಮೇಲೆ ಯಾರೋ ಮೈದಾ ಚೆಲ್ಲಿದಂತೆ ಬಿಳಿ ಪದರ ಕಾಣಿಸಿತು. ಹತ್ತಿರ ಹೋಗಿ ನೋಡಿದರೆ ಹಿಟ್ಟುತಿಗಣೆ. ನಮ್ಮೂರಿನದಲ್ಲ, ಮೆಕ್ಸಿಕೊ ಕಡೆಯದು. ಶಾಸ್ತ್ರೀಯ ಹೆಸರು ಪ್ಯಾರಾಕಾಕಸ್ ಮಾರ್ಜಿನೇಟಸ್. ತವರಿನಲ್ಲಿ ಅದನ್ನು ಹಿಡಿದು ತಿನ್ನುವವರು ಬೇಕಾದಷ್ಟಿದ್ದರು, ಅದಕ್ಕೇ ಅದು ಅಲ್ಲಿ ಯಾರ ತಲೆನೋವೂ ಆಗಿರಲಿಲ್ಲ. ಇಲ್ಲಿ? ಬೆಕ್ಕಿಲ್ಲದ ಊರು ಸೇರಿದ ಇಲಿ! ಪರಂಗಿಯಿಂದ ದಾಸವಾಳಕ್ಕೆ, ದಾಸವಾಳದಿಂದ ಮರಗೆಣಸಿಗೆ, ಅಲ್ಲಿಂದ ಹಿಪ್ಪುನೇರಳೆಗೆ ಹಾರಿತು. ಗಡಿ ದಾಟಿ ಕರ್ನಾಟಕಕ್ಕೂ ನುಗ್ಗಿತು. ಔಷಧಿ ಹೊಡೆದರೆ ಮೈಮೇಲಿನ ಮೇಣದ ಹೊದಿಕೆ ಹನಿಯನ್ನು ಒಳಕ್ಕೆ ಬಿಡುವುದಿಲ್ಲ. ಹಿಪ್ಪುನೇರಳೆಗಂತೂ ಮನಸ್ಸು ಬಂದಂತೆ ಹೊಡೆಯುವ ಹಾಗೇ ಇಲ್ಲ, ಆ ಎಲೆ ತಿಂದ ರೇಷ್ಮೆಹುಳುವೇ ಮೊದಲು ಸಾಯುತ್ತದೆ. ರೈತರು ಫಲಕ್ಕೆ ಬಂದ ಗಿಡಗಳನ್ನು ಕಡಿದು ಸುಟ್ಟರು.

ಆಗ ಹೆಬ್ಬಾಳದವರ ಕಣ್ಣು ಕೆರಿಬಿಯನ್ ಸಮುದ್ರದ ಕಡೆ ತಿರುಗಿತು. ಇದೇ ತಿಗಣೆ ಅಲ್ಲಿನ ದ್ವೀಪಗಳನ್ನೂ ಕಾಡಿತ್ತು, ಅಮೆರಿಕದ ಕೃಷಿ ಇಲಾಖೆ ಅದರ ತವರಿನಿಂದಲೇ ಅದರ ವೈರಿಗಳನ್ನು ಹುಡುಕಿ ತಂದು ಪೋರ್ಟೊ ರಿಕೊದಲ್ಲಿ ಸಾಕುತ್ತಿತ್ತು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಕೀಟತಜ್ಞ ಆರ್. ಮುನಿಯಪ್ಪನ್ ನಡುವೆ ನಿಂತು ದಾರಿ ಮಾಡಿಕೊಟ್ಟರು. 2010ರಲ್ಲಿ ಮೂರು ಜಾತಿಯ ಕಣಜಗಳು ಬೆಂಗಳೂರು ತಲುಪಿದವು. ಬಂದವರನ್ನು ಹಾಗೇ ತೋಟಕ್ಕೆ ಬಿಡುತ್ತಾರೆಯೇ? ಇಲ್ಲ! ಮೊದಲು ಕ್ವಾರಂಟೈನ್. ಬಾಗಿಲ ಹಿಂದೆ ಬಾಗಿಲು, ಗಾಳಿಯೂ ಜರಡಿ ಹಿಡಿದೇ ಹೋಗಬೇಕು. ಇವು ಈ ತಿಗಣೆಯನ್ನಷ್ಟೇ ಮುಟ್ಟುತ್ತವೆಯೇ, ಬೇರೆ ಯಾವುದಾದರೂ ಒಳ್ಳೆಯ ಹುಳುವಿನ ತಂಟೆಗೆ ಹೋಗುತ್ತವೆಯೇ, ಇವುಗಳ ಹೊಟ್ಟೆಯೊಳಗೆ ಇವನ್ನೇ ತಿನ್ನುವ ಇನ್ನೊಂದು ಕಣಜ ಅಡಗಿ ಕೂತಿದೆಯೇ, ಎಲ್ಲವನ್ನೂ ನೋಡಿದ ಮೇಲೆ ಸರ್ಕಾರದ ಒಪ್ಪಿಗೆ. ಆಮೇಲೆ ಮೊಳಕೆ ಬಂದ ಆಲೂಗೆಡ್ಡೆಗಳ ಮೇಲೆ ತಿಗಣೆ ಬೆಳೆಸಿ, ಆ ತಿಗಣೆಗಳ ಮೇಲೆ ಕಣಜಗಳನ್ನು ಹೆಚ್ಚಿಸಿ, ಅಕ್ಟೋಬರ್ ಹೊತ್ತಿಗೆ ತೋಟಗಳಿಗೆ ಕಳಿಸತೊಡಗಿದರು.

ಮೂವರಲ್ಲಿ ಮಿಂಚಿದ್ದು ಅಸಿರೋಫೇಗಸ್ ಪಪಾಯೆ. ಹೆಣ್ಣು ಕಣಜ ಎಳೆಯ ತಿಗಣೆಯ ಮೈಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ತಿಗಣೆ ಊದಿಕೊಂಡು ಗಟ್ಟಿಯಾಗಿ ಮಮ್ಮಿಯಂತಾಗುತ್ತದೆ, ಒಂದು ದಿನ ಅದರ ಬೆನ್ನಿಗೆ ದುಂಡಗೆ ತೂತು ಕೊರೆದು ಹೊಸ ಕಣಜ ಆಚೆ ಬಂದು ಮುಂದಿನ ತಿಗಣೆಯನ್ನು ಹುಡುಕಿಕೊಂಡು ಹಾರುತ್ತದೆ. ಕೆಲವೇ ತಿಂಗಳಲ್ಲಿ ಬಿಳಿ ಪದರ ಕರಗಿಹೋಯಿತು. ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ರೈತರಿಗೆ ವರ್ಷಕ್ಕೆ 1,623 ಕೋಟಿ ರೂಪಾಯಿ ಉಳಿಯಿತು ಎಂದು ಸಂಸ್ಥೆ ಲೆಕ್ಕ ಕೊಟ್ಟಿದೆ. ಕೋಟಿಗಳ ಲೆಕ್ಕವನ್ನು ಯಾರಾದರೂ ಸ್ವಲ್ಪ ಅನುಮಾನದಿಂದಲೇ ನೋಡಲಿ, ತಪ್ಪಿಲ್ಲ. ಆದರೆ ಸುಟ್ಟ ತೋಟಗಳಲ್ಲಿ ಮತ್ತೆ ಪರಂಗಿ ಎದ್ದದ್ದಕ್ಕೆ ಲೆಕ್ಕವೇ ಬೇಕಿಲ್ಲ. ಆ ಕಣಜದ ಸಂತತಿ ಈಗಲೂ ಹೊರಗೆ ಬದುಕಿದೆ. ಸಂಬಳವಿಲ್ಲ, ಸಬ್ಸಿಡಿಯಿಲ್ಲ, ಮರುಖರೀದಿಯ ಟೆಂಡರೂ ಇಲ್ಲ!

ಇದಕ್ಕಿಂತ ಮೈನವಿರೇಳಿಸುವ ಕಥೆ ಒಂದಿದೆ. ಅದು ಕಳೆದುಹೋಗಿ ಸಿಕ್ಕ ದುಂಬಿಯದು.

ಕ್ರಿಪ್ಟೊಲೀಮಸ್ ಮಾಂಟ್ರೂಜಿಯೆರಿ ಎಂಬ ಬಾಯಿ ತಿರುಗದ ಹೆಸರಿನ ಪುಟ್ಟ ಗುಲಗಂಜಿ ಹುಳು. ಕಪ್ಪು ಬೆನ್ನು, ಕಿತ್ತಳೆ ತಲೆ, ಮೂಲ ಆಸ್ಟ್ರೇಲಿಯಾ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಗತ್ತಿನ ತೋಟಗಾರರಿಗೆಲ್ಲ ಗುಲಗಂಜಿ ಹುಳುಗಳ ಹುಚ್ಚು ಹಿಡಿದಿತ್ತು. ಏಕೆಂದರೆ 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬಾತ ಆಸ್ಟ್ರೇಲಿಯಾದಿಂದ ಕಳಿಸಿದ ವೆಡಾಲಿಯಾ ಎಂಬ ಗುಲಗಂಜಿ ಹುಳು ಮುಳುಗುತ್ತಿದ್ದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಎತ್ತಿ ನಿಲ್ಲಿಸಿತ್ತು. ಆ ಉತ್ಸಾಹದಲ್ಲೇ 1898ರಲ್ಲಿ ದಕ್ಷಿಣ ಭಾರತದ ಕಾಫಿ ಗಿಡಗಳ ಹಸಿರು ಹುರುಪೆ ಕೀಟ ತಿನ್ನಲಿ ಎಂದು ಕ್ರಿಪ್ಟೊಲೀಮಸ್‌ ತರಿಸಿ ಬಿಟ್ಟರು. ಅದು ಕಾಫಿಯ ಹುರುಪೆಗೆ ಕ್ಯಾರೇ ಎನ್ನಲಿಲ್ಲ. ಪ್ರಯೋಗ ಸೋತಿತು, ಕಡತ ಮುಚ್ಚಿತು, ದುಂಬಿಯನ್ನು ಎಲ್ಲರೂ ಮರೆತರು.

ಹೆಚ್ಚುಕಡಿಮೆ ಎಂಬತ್ತು ವರ್ಷ ಕಳೆದವು. 1977ರಲ್ಲಿ ಬೆಂಗಳೂರಿನ ಆಸುಪಾಸಿನ ಹಿಟ್ಟುತಿಗಣೆ ಬಿದ್ದ ಗಿಡಗಳನ್ನು ನೋಡುತ್ತಿದ್ದ ಕೀಟತಜ್ಞ ಎಸ್.ಪಿ. ಸಿಂಗ್ ಅವರ ಕಣ್ಣಿಗೆ ಬಿದ್ದದ್ದು ಅದೇ ಕಪ್ಪು ಬೆನ್ನು, ಅದೇ ಕಿತ್ತಳೆ ತಲೆ! ಯಾರೂ ಕರೆಯಲಿಲ್ಲ, ಯಾರೂ ಸಾಕಲಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದ ಅದು ಇಲ್ಲಿನ ಹಿಟ್ಟುತಿಗಣೆ ತಿಂದುಕೊಂಡು ಸಂಸಾರ ಮಾಡಿಕೊಂಡಿತ್ತು. ಆಗ ಕೊಟ್ಟ ಕೆಲಸ ಅದಕ್ಕೆ ಒಗ್ಗಿರಲಿಲ್ಲ, ತನಗೆ ಬೇಕಾದ ಕೆಲಸವನ್ನು ತಾನೇ ಹುಡುಕಿಕೊಂಡಿತ್ತು. ಸಿಂಗ್ ಮುಂದೆ ಜೈವಿಕ ನಿಯಂತ್ರಣ ನಿರ್ದೇಶನಾಲಯದ ಮೊದಲ ನಿರ್ದೇಶಕರಾದರು.

ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎಂ. ಮಣಿ, ಎ. ಕೃಷ್ಣಮೂರ್ತಿ ಅವರಂಥವರು ಈ ದುಂಬಿಯ ಬೆನ್ನು ಹತ್ತಿದರು. ದ್ರಾಕ್ಷಿ, ಸೀಬೆ, ನಿಂಬೆ, ಕಿತ್ತಳೆ ತೋಟಗಳಲ್ಲಿ ಬಿಟ್ಟು ನೋಡಿದರು. ದ್ರಾಕ್ಷಿಯಲ್ಲಿ ಬಳ್ಳಿಗೆ ಹತ್ತು ದುಂಬಿ ಸಾಕು ಎಂಬ ಹದ ಹೊರಬಿತ್ತು. ಹತ್ತೇ! 1983ರಲ್ಲಿ ವೆಸ್ಟ್ ಇಂಡೀಸ್‌ನಿಂದ ಲೆಪ್ಟೊಮಾಸ್ಟಿಕ್ಸ್ ಎಂಬ ಇನ್ನೊಂದು ಕಣಜ ತರಿಸಿ ನಿಂಬೆ ಜಾತಿಯ ತೋಟಗಳಿಗೆ ಬಿಟ್ಟರು, ಅದೂ ಇಲ್ಲಿಯದೇ ಆಗಿಹೋಯಿತು. ಲೆಕ್ಕ ಚುಕ್ತಾ ಅನ್ನಬೇಕು. ಏಕೆಂದರೆ 1960ರ ದಶಕದಲ್ಲಿ ಭಾರತದಿಂದ ಹೋದ ಕೊಟೇಶಿಯಾ ಎಂಬ ಕಣಜ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದ ಕಬ್ಬನ್ನು ಕಾಂಡಕೊರಕದಿಂದ ಉಳಿಸಿತ್ತು. ಕ್ರಿಕೆಟ್ ಸರಣಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುವ ನಮಗೆ ಈ ಕೊಡುಕೊಳ್ಳುವಿಕೆಯ ಸುದ್ದಿಯೇ ಇಲ್ಲ.

ಈ ದುಂಬಿಯನ್ನು ಸಾಕುವ ಕೋಣೆಯೂ ನೋಡುವಂಥದ್ದು. ಕಪಾಟಿನ ತುಂಬ ಕುಂಬಳಕಾಯಿ! ಸಾರಿನ ಸಿಹಿಗುಂಬಳವೇ. ಉಬ್ಬುತಗ್ಗು ಇರುವ ಕಾಯಿ ಆರಿಸಿ, ತೊಳೆದು, ಬೂಸ್ಟು ಹಿಡಿಯದಂತೆ ಅದ್ದಿ ತೆಗೆದು, ಹಿಟ್ಟುತಿಗಣೆ ಹತ್ತಿಸುತ್ತಾರೆ. ಕಾಯಿ ಪೂರ್ತಿ ಬೆಳ್ಳಗಾದಾಗ ಪಂಜರದೊಳಗಿಟ್ಟು ದುಂಬಿಗಳನ್ನು ಬಿಡುತ್ತಾರೆ. ಇದನ್ನು ವ್ಯಾಪಾರವಾಗಿಯೂ ಮಾಡಬಹುದು ಎಂದು ದೇಶಕ್ಕೆ ಮೊದಲು ತೋರಿಸಿದ್ದೂ ಬೆಂಗಳೂರೇ: ಹಿತಕಾರಿ ಕೀಟಗಳನ್ನು ಸಾಕಿ ಮಾರುವ ಭಾರತದ ಮೊದಲ ಖಾಸಗಿ ಕೇಂದ್ರ 1981ರಲ್ಲಿ ಇಲ್ಲಿ ತೆರೆಯಿತು, ಅದನ್ನು ಕಟ್ಟಿ ನಿಲ್ಲಿಸಿದವರು ಟಿ.ಎಂ. ಮಂಜುನಾಥ್.

ಹಣ್ಣಿನ ತೋಟ ಬಿಟ್ಟು ಒಂದು ಹೆಜ್ಜೆ ಆಚೆಗಿಡುತ್ತೇನೆ, ಕ್ಷಮಿಸಿ, ಈ ಪತ್ತೇದಾರಿ ಕಥೆ ಹೇಳದೆ ಇರಲಾರೆ. ಬೆನ್ನಿಗಾನಹಳ್ಳಿಯ ರೈಲು ಹಳಿ ಪಕ್ಕದಲ್ಲಿ, ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ನೋಡಿರುತ್ತೀರಿ. ಹೆಸರಘಟ್ಟದ ಕೆ.ಪಿ. ಜಯಂತ್ 1983ರಲ್ಲಿ ಮೆಕ್ಸಿಕೊದಿಂದ ಅದನ್ನು ತಿನ್ನುವ ಜೈಗೊಗ್ರಾಮ ದುಂಬಿಯನ್ನು ತರಿಸಿದರು, ಪರೀಕ್ಷೆಗಳ ನಂತರ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆನೆ ಬಣ್ಣದ ಬೆನ್ನು, ಮೇಲೆ ಕಂದು ಗೀರು. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿ, ಮಳೆ ಬಿದ್ದೊಡನೆ ಎದ್ದು ಗಿಡವನ್ನು ಬೋಳಿಸುತ್ತದೆ. ಎಲ್ಲ ಸುಖವಾಗಿರುವಾಗ ಒಂದು ಕೂಗೆದ್ದಿತು: ದುಂಬಿ ಸೂರ್ಯಕಾಂತಿ ಎಲೆ ತಿನ್ನುತ್ತಿದೆ! ಎಂಥ ಆಘಾತ ನೋಡಿ. ಹೊರದೇಶದ ಹುಳು ತಂದು ಬಿಟ್ಟವರಿಗೆ ಇದಕ್ಕಿಂತ ಕೆಟ್ಟ ಕನಸು ಇರಲಾರದು, ಬಿಟ್ಟದ್ದನ್ನು ವಾಪಸ್ ಕರೆಯುವ ಹಾಗಿಲ್ಲವಲ್ಲ. ತನಿಖೆಗೆ ಸಮಿತಿ ಕೂತಿತು. ಜಯಂತ್ ಮತ್ತು ಸಂಗಡಿಗರು ಹುಡುಕಿ ತೆಗೆದ ಉತ್ತರ ಏನು ಗೊತ್ತೇ? ಪಕ್ಕದ ಕಾಂಗ್ರೆಸ್ ಗಿಡಗಳ ಪರಾಗ ಗಾಳಿಯಲ್ಲಿ ಹಾರಿ ಸೂರ್ಯಕಾಂತಿ ಎಲೆಗಳ ಮೇಲೆ ಕೂತಿತ್ತು. ಆ ಪರಾಗದ ರುಚಿಗೆ ಮೋಸಹೋಗಿ ದುಂಬಿ ಎಲೆಗೆ ಬಾಯಿ ಹಾಕಿತ್ತು! 1993ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ನನ್ನ ಮಟ್ಟಿಗೆ ಬೆಂಗಳೂರಿನ ವಿಜ್ಞಾನದ ಇತಿಹಾಸದಲ್ಲಿ ಇದಕ್ಕೊಂದು ಅಧ್ಯಾಯ ಸಲ್ಲಬೇಕು. ಇದೇ ಜಯಂತ್, ಸಾಲ್ವಿನಿಯ ಎಂಬ ನೀರುಜರಿ ಮುಚ್ಚಿಕೊಂಡಿದ್ದ ಬೆಂಗಳೂರಿನ ಒಂದು ನೈದಿಲೆಕೊಳಕ್ಕೆ ಸಣ್ಣ ಮೂತಿಹುಳು ಬಿಟ್ಟರು. ಹನ್ನೊಂದು ತಿಂಗಳಲ್ಲಿ ಜರಿ ಕುಸಿದು, ಅಡಿಯಲ್ಲಿ ಉಸಿರು ಹಿಡಿದಿದ್ದ ನೈದಿಲೆ ಮತ್ತೆ ತಲೆ ಎತ್ತಿತು.

ಟಿನ್ ಫ್ಯಾಕ್ಟರಿಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಟೊಮೆಟೊ ಸೀಮೆ. ಕೋಲಾರದ ಮಂಡಿಯಿಂದ ಕ್ರೇಟು ತುಂಬಿದ ಲಾರಿಗಳು ಇದೇ ಜಂಕ್ಷನ್ನಿನಲ್ಲಿ ಏದುಸಿರು ಬಿಡುತ್ತವೆ. ಟೊಮೆಟೊ ಸಾಲುಗಳ ನಡುವೆ ಅಲ್ಲಲ್ಲಿ ಚೆಂಡುಹೂವಿನ ಸಾಲು ಕಂಡರೆ ಹಬ್ಬಕ್ಕೆ ಮಾರಲು ಇಟ್ಟಿದ್ದಾರೆ ಅಂದುಕೊಳ್ಳುತ್ತೇವೆ. ಇರಬಹುದು. ಆದರೆ ಅದರಲ್ಲೊಂದು ಒಳಸಂಚೂ ಇದೆ! ಹೆಸರಘಟ್ಟದ ಕೆ. ಶ್ರೀನಿವಾಸನ್, ಪಿ.ಎನ್. ಕೃಷ್ಣಮೂರ್ತಿ ಮತ್ತು ಸಂಗಡಿಗರು 1994ರಲ್ಲಿ ತೋರಿಸಿಕೊಟ್ಟ ಸಂಚು ಅದು: ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ಕಾಯಿಕೊರಕದ ಪತಂಗಕ್ಕೆ ಟೊಮೆಟೊಗಿಂತ ಆ ಹೂವೇ ಇಷ್ಟ, ಅಲ್ಲೇ ಹೋಗಿ ಮೊಟ್ಟೆ ಇಡುತ್ತದೆ. ಎರಡೂ ಒಂದೇ ಸಮಯಕ್ಕೆ ಹೂ ಬಿಡಬೇಕಾದ್ದರಿಂದ ನಾಟಿಯ ಹೊತ್ತಿಗೆ ಚೆಂಡುಹೂವಿನ ಸಸಿಗೆ ನಲವತ್ತು ದಿನ, ಟೊಮೆಟೊ ಸಸಿಗೆ ಇಪ್ಪತ್ತೈದು ದಿನ ಆಗಿರಬೇಕು. ಎಂಥ ಕರಾರುವಾಕ್ಕು!

ಆ ಮೊಟ್ಟೆಗಳಿಗೆ ಕಾದು ಕೂತಿರುವುದು ಟ್ರೈಕೊಗ್ರಾಮ. ಅರ್ಧ ಮಿಲಿಮೀಟರಿನ ಕಣಜ, ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಹುಳು ಹುಟ್ಟಿದರೆ ತಾನೇ ಕಾಯಿ ಕೊರೆಯುವುದು? ಹುಟ್ಟುವುದೇ ಇಲ್ಲ. ಅಕ್ಕಿ ಪತಂಗದ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ, ಅವುಗಳಲ್ಲಿ ಈ ಕಣಜ ಬೆಳೆಸಿ ‘ಟ್ರೈಕೊಕಾರ್ಡ್’ ಎಂದು ರೈತರಿಗೆ ಕೊಡುತ್ತಾರೆ. ಅಂಗೈಯಗಲದ ಕಾರ್ಡಿನಲ್ಲಿ ಸಾವಿರಾರು ಮೊಟ್ಟೆ. ಡಚ್ ವಿಜ್ಞಾನಿಗಳು 2005ರಲ್ಲಿ ಇದರ ಬಳಗದ ಇನ್ನೊಂದು ಚಾಲಾಕಿತನ ಹೊರಗೆಡವಿದರು: ಒಂದು ಜಾತಿಯ ಟ್ರೈಕೊಗ್ರಾಮ, ಕೋಸಿನ ಚಿಟ್ಟೆಗಳಲ್ಲಿ ಗಂಡಿನೊಡನೆ ಕೂಡಿದ ಹೆಣ್ಣು ಯಾವುದು ಎಂದು ವಾಸನೆಯಿಂದಲೇ ಪತ್ತೆಹಚ್ಚಿ, ಅದರ ಮೈಮೇಲೆ ಹತ್ತಿ ಕೂತು, ಅದು ಮೊಟ್ಟೆ ಇಡುವ ಜಾಗಕ್ಕೆ ಬಿಟ್ಟಿ ಸವಾರಿ ಮಾಡುತ್ತದಂತೆ! ಮೊಟ್ಟೆಯ ಹಂತ ತಪ್ಪಿಸಿಕೊಂಡ ಕಾಯಿಕೊರಕಕ್ಕೆ ಇನ್ನೊಂದು ಗಂಡಾಂತರ ಕಾದಿದೆ, ಎನ್‌ಪಿವಿ ಎಂಬ ವೈರಸ್. ಅದು ತಗುಲಿದ ಹುಳು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ನೇತುಬಿದ್ದು, ಕರಗಿ ತೊಟ್ಟಿಕ್ಕುತ್ತದೆ. ಕೆಳಗಿನ ಎಲೆಗಳ ಮೇಲೆಲ್ಲ ವೈರಸ್ ಸಿಂಪಡಣೆ, ಅದೂ ಪುಕ್ಕಟೆ.

ಇನ್ನು ಮಲೆನಾಡು, ಕರಾವಳಿಯ ಅಡಿಕೆ ತೋಟ. ಅಲ್ಲಿ ಬೇರುಹುಳು ಮಣ್ಣೊಳಗೆ ಕೂತು ಬೇರು ಕಡಿಯುತ್ತದೆ, ಮೇಲೆ ಮರ ಹಳದಿಯಾಗಿ ಬಸವಳಿಯುತ್ತದೆ. ಕತ್ತಲ ಮಣ್ಣಿನಲ್ಲಿ ಆ ಹುಳುವನ್ನು ಹುಡುಕುವವರು ಯಾರು? ಹೆಟೆರೊರ‍್ಯಾಬ್ಡೈಟಿಸ್ ಇಂಡಿಕಾ, ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಜಂತು. 1992ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಜಂತುವಿನ ತವರು ನಮ್ಮ ಪಕ್ಕದ ಕೊಯಮತ್ತೂರೇ. ಹೆಬ್ಬಾಳದವರು ಅದನ್ನು ಪುಡಿಯ ರೂಪಕ್ಕಿಳಿಸಿ, ನೀರಿಗೆ ಬೆರೆಸಿ ಮರದ ಬುಡಕ್ಕೆ ಹುಯ್ಯುವಂತೆ ಮಾಡಿದ್ದಾರೆ. ಜಂತು ಬೇರುಹುಳುವಿನ ಮೈ ಹೊಕ್ಕು, ತನ್ನ ಹೊಟ್ಟೆಯಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಒಳಗೆ ಬಿಡುತ್ತದೆ. ಎರಡು ದಿನದಲ್ಲಿ ಹುಳು ಸಾಯುತ್ತದೆ, ಹೆಣ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಮತ್ತೆ, ಕೇಳಿ, ಕತ್ತಲೆಯಲ್ಲಿ ಮಿಣಮಿಣ ಹೊಳೆಯುತ್ತದೆ! ಆ ಬ್ಯಾಕ್ಟೀರಿಯಾಕ್ಕೆ ಬೆಳಕು ಸೂಸುವ ಗುಣವಿದೆ. ತೋಟದ ಮಣ್ಣಿನಡಿ ಸತ್ತ ಹುಳುಗಳ ದೀಪಾವಳಿ.

ತಜ್ಞರ ಈ ಬೇಟೆ ಮುಗಿಯುವ ಲಕ್ಷಣವಿಲ್ಲ. 2020ರಲ್ಲಿ ಕೇರಳದಲ್ಲಿ ಮರಗೆಣಸಿನ ಹಿಟ್ಟುತಿಗಣೆ ಕಾಣಿಸಿಕೊಂಡಿತು. 2021ರಲ್ಲಿ ಆಫ್ರಿಕದ ಬೆನಿನ್ ದೇಶದಿಂದ ಅದರ ವೈರಿ ಕಣಜ ಬೆಂಗಳೂರಿಗೆ ಬಂತು, 2022ರ ಮಾರ್ಚಿನಲ್ಲಿ ತಮಿಳುನಾಡಿನ ಸೇಲಂ ಕಡೆ ಹೊಲಕ್ಕಿಳಿಯಿತು. ದಕ್ಷಿಣ ಅಮೆರಿಕದ ಈ ಕಣಜವನ್ನೇ ಆಫ್ರಿಕದಲ್ಲಿ ಬಿಟ್ಟು ಕೋಟ್ಯಂತರ ಜನರ ಊಟದ ಬೆಳೆ ಉಳಿಸಿದ ಹ್ಯಾನ್ಸ್ ಹೆರೆನ್‌ಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿತ್ತು. ನಮ್ಮ ಪರಂಗಿ ಉಳಿಸಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇಷ್ಟಾದರೂ ರೈತ ಮೊದಲು ಕೈ ಹಾಕುವುದು ಬಾಟಲಿಗೇ. ದೂರುವಂತಿಲ್ಲ. ಬಾಟಲಿ ಅಂಗಡಿಯ ಶೆಲ್ಫಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಜೀವಂತ ಕಣಜದ ಕಾರ್ಡು ವಾರದೊಳಗೆ ತೋಟ ಸೇರಬೇಕು, ಬಿಸಿಲಿಗೆ ಬಾಡಬಾರದು, ಬಿಟ್ಟ ಮೇಲೆ ವಿಷ ಹೊಡೆಯುವಂತಿಲ್ಲ, ಫಲಿತಾಂಶಕ್ಕೆ ಕಾಯಬೇಕು. ಸಾಲದ ಕಂತು ಕಾಯುವುದಿಲ್ಲ. ಜೊತೆಗೆ ಸಲಹೆ ಕೊಡುವವನೂ ಔಷಧಿ ಮಾರುವವನೂ ಒಬ್ಬನೇ ಆಗಿರುವ ಊರುಗಳಲ್ಲಿ ದುಂಬಿಯ ಪರ ವಕಾಲತ್ತು ಯಾರು ಮಾಡುತ್ತಾರೆ? ವಿಜ್ಞಾನ ಗೆದ್ದ ಕಡೆ ವಿತರಣೆ ಸೋತಿದೆ ಎನ್ನುವುದು ನನ್ನ ತೀರ್ಮಾನ.

ನಗರದವರಿಗೆ ಮಾತ್ರ ಆ ನೆಪ ಇಲ್ಲ. ಕೆ.ಆರ್. ಪುರದಲ್ಲೋ ಇಂದಿರಾನಗರದಲ್ಲೋ ನಿಮ್ಮ ಬಾಲ್ಕನಿಯ ದಾಸವಾಳಕ್ಕೆ, ತಾರಸಿಯ ಸೀಬೆಗೆ ಹಿಟ್ಟುತಿಗಣೆ ಬಂದಿದ್ದರೆ ಸ್ಪ್ರೇ ಡಬ್ಬಿ ಎತ್ತುವ ಮೊದಲು ಬಗ್ಗಿ ನೋಡಿ. ತಿಗಣೆಗಳ ಗುಂಪಿನಲ್ಲಿ ಒಂದೆರಡು ಎಲ್ಲಕ್ಕಿಂತ ದೊಡ್ಡವು ಇದ್ದಾವೆಯೇ? ಮೈತುಂಬ ಉದ್ದುದ್ದ ಬಿಳಿ ಮೇಣದ ಎಳೆಗಳಿವೆಯೇ? ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ತಿಗಣೆಯಾದರೆ ಇದ್ದಲ್ಲೇ ಇರುತ್ತದೆ, ಬಹಳವೆಂದರೆ ತೆವಳುತ್ತದೆ. ಸರಸರನೆ ಓಡಿದರೆ ಅದು ಕ್ರಿಪ್ಟೊಲೀಮಸ್‌ನ ಮರಿ, ಬೇಟೆಯ ವೇಷವನ್ನೇ ಹಾಕಿಕೊಂಡು ಬೇಟೆಯ ನಡುವೆ ಕೂತಿರುವ ಬೇಟೆಗಾರ! ಇದೇ ದೊಡ್ಡ ತಿಗಣೆ ಎಂದು ತಿಳಿದು ಜನ ಮೊದಲು ಕೊಲ್ಲುವುದು ಅದನ್ನೇ. ದಯವಿಟ್ಟು ಕೊಲ್ಲಬೇಡಿ. ವಿಷ ಒಳಗಿಡಿ, ತಿಗಣೆಗಳನ್ನು ಹೊತ್ತು ತಿರುಗುವ ಇರುವೆಗಳ ಸಾಲನ್ನು ಬೇಕಾದರೆ ನೀರು ಹಾಕಿ ತಡೆಯಿರಿ, ಒಂದೆರಡು ವಾರ ಆ ಗಿಡವನ್ನು ಅದರ ಪಾಡಿಗೆ ಬಿಟ್ಟು ನೋಡಿ.